‘ಸಕ್ಷಮ ಪ್ರಾಧಿಕಾರ’ ಎಂದರೆ ಯಾರು?

ಹನುಮಂತನಗರ ನಿವಾಸಿ:

ನಮ್ಮ ಕಾಂಪೌಂಡಿನೊಳಗೆ ಒಂದು ಹಳೆಯ ಕತ್ತಿಕಾಯಿ ಮರವಿದೆ. ಬುಡ ಟೊಳ್ಳಾಗಿ ಪಕ್ಕದ ಮನೆಯ ಹೆಂಚಿನ ಕಡೆಗೆ ವಾಲಿಕೊಂಡಿದೆ. ತೆಗೆಸಲು ಅನುಮತಿ ಕೇಳಿ ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಐದು ವಾರದ ಮೇಲೆ ಒಂದು ಸಾಲಿನ ಹಿಂಬರಹ ಬಂತು: “ಸದರಿ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬಾರದಿರುವುದರಿಂದ ಸಕ್ಷಮ ಪ್ರಾಧಿಕಾರವನ್ನು ಸಂಪರ್ಕಿಸಲು ತಿಳಿಸಿದೆ.” ನನಗೆ ಗೊತ್ತಿರುವ ಪ್ರಾಧಿಕಾರವೆಂದರೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಒಂದೇ. ಅಲ್ಲಿಗೆ ಹೋಗಬೇಕೇ? ರಾತ್ರಿ ಗಾಳಿ ಬೀಸಿದರೆ ಅಮ್ಮ ಎದ್ದು ಕೂರುತ್ತಾರೆ. ತಿಳಿದವರು ದಯವಿಟ್ಟು ಹೇಳಿ.

ಅರ್ಜಿ ಬೆರಳಚ್ಚುಗಾರ:

ಬಿಡಿಎಗೆ ಹೋಗಬೇಡಿ, ಒಂದು ದಿನ ವ್ಯರ್ಥವಾಗುತ್ತದೆ.

ಕೆಂಪೇಗೌಡ ರಸ್ತೆಯ ಕಂದಾಯ ಭವನದ ಹತ್ತಿರ ಅರ್ಜಿ ಬೆರಳಚ್ಚು ಮಾಡುತ್ತಾ 28 ವರ್ಷ ಕಳೆದವನು ನಾನು. ನಿಮಗೆ ಬಂದಂಥ ಹಿಂಬರಹಗಳನ್ನು ಎಷ್ಟು ಜನರಿಗೆ ಓದಿ ಹೇಳಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಆನೇಕಲ್ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಪಡಿತರ ಚೀಟಿಯ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಹಿಂಬರಹವನ್ನು ತೆಗೆದು ನನ್ನ ಮೇಜಿನ ಮೇಲೆ ಅಂಗೈಯಿಂದ ಸವರಿ ಹರಡಿದರು. ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿಹೋಗಿತ್ತು. “ಸಕ್ಷಮ ಎನ್ನುವವರು ಯಾವ ಮಹಡಿಯಲ್ಲಿ ಕೂರುತ್ತಾರಪ್ಪ?” ಎಂದು ಕೇಳಿದರು. ಅದು ಒಬ್ಬ ಅಧಿಕಾರಿಯ ಹೆಸರೆಂದು ತಿಳಿದು ಮೂರು ಕಚೇರಿ ಹತ್ತಿ ಇಳಿದಿದ್ದರು. ಆ ಪದ ಬರೆದವರ ಮೇಲೆ ಅಂದು ಬಂದ ಕೋಪ ಇನ್ನೂ ಆರಿಲ್ಲ.

ಸಕ್ಷಮ ಪ್ರಾಧಿಕಾರ ಎನ್ನುವುದು ಯಾವುದೋ ಒಂದು ಸಂಸ್ಥೆಯ ಹೆಸರಲ್ಲ. ಅದೊಂದು ಕುರ್ಚಿ. ಒಂದು ನಿರ್ದಿಷ್ಟ ಕೆಲಸಕ್ಕೆ ‘ಆಗಲಿ’ ಅಥವಾ ‘ಆಗದು’ ಎಂದು ಹೇಳುವ ಅಧಿಕಾರವನ್ನು ಕಾನೂನು ಯಾರಿಗೆ ಕೊಟ್ಟಿದೆಯೋ ಅವರೇ ಆ ಕೆಲಸಕ್ಕೆ ಸಕ್ಷಮ. ಕಾಯ್ದೆ ಬದಲಾದರೆ ಕುರ್ಚಿಯೂ ಬದಲಾಗುತ್ತದೆ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯಲ್ಲಿ ಈ ಪದಕ್ಕೆ ಜಮೀನಿನ ಅಭಿವೃದ್ಧಿಗೆ ಅನುಮತಿ ಕೊಡುವ ಸ್ಥಳೀಯ ಸಂಸ್ಥೆ ಅಥವಾ ಪ್ರಾಧಿಕಾರ ಎಂದು ಅರ್ಥ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅದೇ ಪದ ವಿಧಾನಸಭೆಯ ಮಟ್ಟಿಗೆ ಸಭಾಧ್ಯಕ್ಷರನ್ನು, ಹೈಕೋರ್ಟಿನ ಮಟ್ಟಿಗೆ ಮುಖ್ಯ ನ್ಯಾಯಮೂರ್ತಿಗಳನ್ನು ಸೂಚಿಸುತ್ತದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಯಾವುದೇ ವ್ಯಕ್ತಿಯೂ ಆಗಬಹುದು. ಆದ್ದರಿಂದ ಕಾಯ್ದೆಯ ಹೆಸರು, ಕಲಮು, ಹುದ್ದೆ ಇವು ಮೂರೂ ಇಲ್ಲದೆ ‘ಸಕ್ಷಮ ಪ್ರಾಧಿಕಾರವನ್ನು ಸಂಪರ್ಕಿಸಿ’ ಎಂದು ಬರೆದರೆ ಅದನ್ನು ಉತ್ತರ ಎಂದು ನಾನು ಒಪ್ಪುವುದಿಲ್ಲ. ಊರಿನ ಹೆಸರಿಲ್ಲದ ಬಸ್ಸಿನ ಫಲಕದ ಹಾಗೆ ಅದು.

ನಿಮ್ಮ ವಿಷಯಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಮರ ಕಡಿಯಲು ಅನುಮತಿ ಕೊಡಬೇಕಾದವರು ವೃಕ್ಷ ಅಧಿಕಾರಿ. ಅದೇ ಕಾಯ್ದೆಯಲ್ಲಿ ವೃಕ್ಷ ಪ್ರಾಧಿಕಾರ ಎಂಬುದೂ ಇದೆ, ಅದು ಬೇರೆ. ನಿಮ್ಮ ಮೊದಲ ಅರ್ಜಿ ಅಧಿಕಾರಿಗೇ ಹೋಗಬೇಕು. ಪಾಲಿಕೆಯ ಅರಣ್ಯ ವಿಭಾಗದಲ್ಲಿ ವಿಚಾರಿಸಿ. 2025ರ ಸೆಪ್ಟೆಂಬರಿನಿಂದ ನಗರದಲ್ಲಿ ಐದು ಪಾಲಿಕೆಗಳಾಗಿವೆ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಹಳೆಯ ವಿಳಾಸಕ್ಕೆ ಕಳುಹಿಸಬೇಡಿ. ಮರದ ಬುಡದ, ವಾಲಿದ ದಿಕ್ಕಿನ, ಪಕ್ಕದ ಹೆಂಚಿನ ಫೋಟೊಗಳನ್ನು ಲಗತ್ತಿಸಿ.

ಕನ್ನಡ ಮೇಷ್ಟರು:

ಪದದ ಬಗ್ಗೆ ಒಂದು ಮಾತು. ಪ್ರ + ಅಧಿಕಾರ, ಸವರ್ಣದೀರ್ಘ ಸಂಧಿ. ಅಧಿಕಾರ ಎಂದರೆ ಶಕ್ತಿ, ಅಧಿಕಾರಿ ಎಂದರೆ ಅದನ್ನು ಹೊತ್ತ ವ್ಯಕ್ತಿ, ಪ್ರಾಧಿಕಾರ ಎಂದರೆ ಅದು ನೆಲೆಗೊಂಡ ಸ್ಥಾನ. ವ್ಯಕ್ತಿ ವರ್ಗವಾಗಿ ಹೋದರೂ ಸ್ಥಾನ ಉಳಿಯುತ್ತದೆ. ಕೆಲವು ಆದೇಶಗಳಲ್ಲಿ ‘ಪ್ರಾಧಿಕಾರಿ’ ಎಂದೂ ಬರೆಯುತ್ತಾರೆ. ನನಗೆ ಅದು ಅನಗತ್ಯವೆನಿಸುತ್ತದೆ.

ಕಾನೂನು ವಿದ್ಯಾರ್ಥಿನಿ:

ಸಂವಿಧಾನದ 12ನೇ ವಿಧಿಯಲ್ಲೂ ‘ಪ್ರಾಧಿಕಾರ’ ಎಂಬ ಪದ ಬರುತ್ತದೆ. ಮೂಲಭೂತ ಹಕ್ಕುಗಳ ಭಾಗದಲ್ಲಿ ‘ರಾಜ್ಯ’ ಎಂದರೆ ಸರ್ಕಾರ, ಶಾಸಕಾಂಗಗಳಷ್ಟೇ ಅಲ್ಲ, ಸ್ಥಳೀಯ ಹಾಗೂ ಇತರ ಪ್ರಾಧಿಕಾರಗಳೂ ಹೌದು. ರಾಜಸ್ಥಾನದ ವಿದ್ಯುತ್ ಮಂಡಳಿಯೊಂದರ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್, ಕಾನೂನಿನಿಂದ ಸ್ಥಾಪಿತವಾಗಿ ಅಧಿಕಾರ ಪಡೆದ ಸಂಸ್ಥೆಯೂ ಇದರಲ್ಲಿ ಸೇರುತ್ತದೆ ಎಂದಿತು. ಹೆಸರಿನಲ್ಲಿ ಮಂಡಳಿ ಎಂದಿದೆಯೋ ನಿಗಮ ಎಂದಿದೆಯೋ ಮುಖ್ಯವಲ್ಲ. ಅವರೆಲ್ಲರೂ ನಮ್ಮ ಮೂಲಭೂತ ಹಕ್ಕುಗಳಿಗೆ ಉತ್ತರದಾಯಿಗಳು.

ಹನುಮಂತನಗರ ನಿವಾಸಿ:

ಎಲ್ಲರಿಗೂ ಧನ್ಯವಾದ. ವೃಕ್ಷ ಅಧಿಕಾರಿಯವರ ಹೆಸರಿಗೆ ಹೊಸ ಅರ್ಜಿ ಬರೆದಿದ್ದೇನೆ. ಆದರೆ ಹಳೆಯ ಹಿಂಬರಹವನ್ನು ಸುಮ್ಮನೆ ಬಿಟ್ಟುಬಿಡಬೇಕೇ?

ಅರ್ಜಿ ಬೆರಳಚ್ಚುಗಾರ:

ಬಿಡಬೇಡಿ. ಅದೇ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. “ನಿಮ್ಮ ಹಿಂಬರಹದಲ್ಲಿ ಹೇಳಿರುವ ಸಕ್ಷಮ ಪ್ರಾಧಿಕಾರ ಯಾವ ಕಾಯ್ದೆಯ ಯಾವ ಕಲಮಿನಡಿ ಬರುತ್ತದೆ ಎಂಬುದನ್ನು ತೋರಿಸುವ ದಾಖಲೆಯ ಪ್ರತಿ ಕೊಡಿ” ಎಂದು ಮಾತ್ರ ಬರೆಯಿರಿ. 30 ದಿನದೊಳಗೆ ಉತ್ತರಿಸಬೇಕು. ಆ ದಾಖಲೆ ಬೇರೆ ಕಚೇರಿಯಲ್ಲಿದ್ದರೆ 6(3)ನೇ ಕಲಮಿನ ಪ್ರಕಾರ ನಿಮ್ಮ ಅರ್ಜಿಯನ್ನು ಐದು ದಿನದೊಳಗೆ ಅವರೇ ಅಲ್ಲಿಗೆ ಕಳುಹಿಸಬೇಕು. ನೀವು ಮತ್ತೆ ಮೆಟ್ಟಿಲು ಹತ್ತಬೇಕಾಗಿಲ್ಲ.

ಮರದ ಹತ್ತಿರದ ಕೋಣೆಯಲ್ಲಿ ಅಮ್ಮ ಮಲಗುತ್ತಿದ್ದರೆ, ಅನುಮತಿ ಬರುವವರೆಗೆ ಹಾಸಿಗೆಯನ್ನು ಮುಂದಿನ ಕೋಣೆಗೆ ಬದಲಾಯಿಸಿ.