ಇಂಗುಗುಂಡಿಯ ಆಳ ಎಷ್ಟೆಂದು ಕೇಳಿದರು

ಮಗಳೇ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ಕಾಫಿಗೆ ಮೊದಲೇ ಓದಿದೆ. ಪುಟ್ಟಿ ಪ್ರತಿ ಭಾನುವಾರ ಸರ್ಕಾರಿ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋಗುತ್ತಾಳೆ, ಈಗ ಎನ್‌ಎಸ್‌ಎಸ್‌ನ (ರಾಷ್ಟ್ರೀಯ ಸೇವಾ ಯೋಜನೆಯ) ಏಳು ದಿನಗಳ ಶಿಬಿರಕ್ಕೂ ಹೆಸರು ಕೊಟ್ಟಿದ್ದಾಳೆ, ಐದನೇ ಸೆಮಿಸ್ಟರ್‌ಗೆ ಬರುವಷ್ಟರಲ್ಲಿ ಸಿಜಿಪಿಎ, ಅಂದರೆ ಹತ್ತಕ್ಕೆ ಸರಾಸರಿ ಅಂಕ, 8.2ರಿಂದ 7.6ಕ್ಕೆ ಇಳಿದಿದೆ, ಮುಂದಿನ ವರ್ಷ ಕಂಪನಿಗಳು ಕ್ಯಾಂಪಸ್ಸಿಗೆ ಬರುತ್ತವೆ, ಇದನ್ನೆಲ್ಲ ಬಿಡಿಸಿ ಓದಿಗೆ ಕೂರಿಸಬೇಕೇ ಎಂದು ಕೇಳಿದ್ದೀಯ. ಅಲ್ಲಿಯವರೆಗೆ ಅದು ಯಾವ ತಾಯಿಯಾದರೂ ಕೇಳುವ ಮಾತು. ಆದರೆ ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೀಯ: ಡಿಗ್ರಿಗೆ ಬೇಕಾದ, ಸೇವೆಯಂಥ ಕೆಲಸಕ್ಕೆ ಸಿಗುವ ಆಕ್ಟಿವಿಟಿ ಪಾಯಿಂಟುಗಳಿಗೆ, ಹಣ ಕಟ್ಟಿದರೆ ಫೋಟೊ ಸಮೇತ ಸರ್ಟಿಫಿಕೇಟ್ ಮಾಡಿಸಿಕೊಡುವ ಒಂದು ಸಂಸ್ಥೆಯನ್ನು ಅಳಿಯಂದಿರ ಸ್ನೇಹಿತರು ತೋರಿಸಿದ್ದಾರೆ, ಹಾಗೆ ಮಾಡಿದರೆ ಮಗುವಿನ ಸಮಯ ಉಳಿಯುತ್ತದಲ್ಲವೇ ದೊಡ್ಡಮ್ಮ, ಎಂದು. ಆ ಸಾಲನ್ನು ಓದಿ ನನಗೆ ಕೈಕಾಲು ತಣ್ಣಗಾದವು. ಮಾಡದ ಸೇವೆಗೆ ಕಾಗದ ತೆಗೆದುಕೊಳ್ಳಬೇಡಿ. ಬೇರೆ ಏನು ಬೇಕಾದರೂ ನಿಧಾನವಾಗಿ ಯೋಚಿಸಬಹುದು, ಇದೊಂದನ್ನು ಮಾತ್ರ ಮಾಡಬೇಡಿ.

ಹೀಗೇಕೆ ಹೇಳುತ್ತೇನೆಂಬುದನ್ನು ನಾನು ಇದುವರೆಗೆ ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನನಗೆ ಬ್ಯಾಂಕಿನಲ್ಲಿ ಮೊದಲ ಸಲ ಆಫೀಸರ್ ಹುದ್ದೆ ಕೈತಪ್ಪಿದ ವಿಷಯ ನಿಮಗೆಲ್ಲ ಗೊತ್ತು. ಏಕೆ ತಪ್ಪಿತೆಂದು ನಿಮಗೆ ಗೊತ್ತಿರುವುದು ನಿಜವಲ್ಲ.

1983ರ ಡಿಸೆಂಬರ್‌ನಲ್ಲಿ ನಾನು ಮೈಸೂರಿನಲ್ಲಿ ಕೊನೆಯ ವರ್ಷದ ಬಿಕಾಂ ಓದುತ್ತಿದ್ದೆ. ನಮ್ಮ ಕಾಲೇಜಿನ ಎನ್‌ಎಸ್‌ಎಸ್‌ ಶಿಬಿರ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆಯಿತು. ಆಗ ಶಿಬಿರವೆಂದರೆ ಹತ್ತು ದಿನ. ಮೊದಲ ದಿನ ಬಸ್ಸಿನಲ್ಲಿ ಎಲ್ಲರ ಜೊತೆ ಹೋದೆ, ಶಾಲೆಯ ಜಗುಲಿಯಲ್ಲಿ ಹಾಸಿಗೆ ಬಿಚ್ಚಿದೆ, ಉದ್ಘಾಟನೆಯಲ್ಲಿ ಪ್ರಾರ್ಥನೆ ಹಾಡಿದೆ. ಮರುದಿನ ಬೆಳಿಗ್ಗೆ, ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಮೈಸೂರಿಗೆ ಹಿಂತಿರುಗಿದೆ. ಬ್ಯಾಂಕ್ ಪರೀಕ್ಷೆಯ ಲೆಕ್ಕಗಳನ್ನು ಮುಗಿಸಬೇಕಿತ್ತು, ಗುಂಡಿ ತೋಡಿ ಎಂಟು ದಿನ ಕಳೆಯುವುದಕ್ಕಿಂತ ಅದೇ ಮೇಲೆಂದು ನನ್ನ ತಲೆಗೆ ಹೊಳೆದಿತ್ತು. ಹತ್ತನೆಯ ದಿನ ಸಮಾರೋಪಕ್ಕೆ ಮತ್ತೆ ಹೋಗಿ, ಎಲ್ಲರ ಸಾಲಿನಲ್ಲಿ ನಿಂತು ಫೋಟೊ ತೆಗೆಸಿಕೊಂಡೆ. ಶಿಬಿರ ನೋಡಿಕೊಳ್ಳುತ್ತಿದ್ದ ಅಧ್ಯಾಪಕರು ಒಳ್ಳೆಯವರು, ಹುಡುಗಿಗೆ ಮುಂದೆ ಉಪಯೋಗವಾಗಲಿ ಎಂದು ಹತ್ತೂ ದಿನ ಹಾಜರಿ ಹಾಕಿ ಸರ್ಟಿಫಿಕೇಟಿಗೆ ಸಹಿ ಮಾಡಿದರು. ಅದರೊಂದಿಗೆ ಕೋನಾರ್ಕದ ರಥಚಕ್ರವಿರುವ ಆ ದುಂಡು ಬ್ಯಾಡ್ಜೂ ಬಂದಿತು. ಅದರಲ್ಲಿರುವ ಎಂಟು ಅರಗಳು ದಿನದ 24 ಗಂಟೆಗಳಿಗೆ ಗುರುತು, ಎನ್‌ಎಸ್‌ಎಸ್‌ ವಿದ್ಯಾರ್ಥಿ ಯಾವ ಗಳಿಗೆಯಲ್ಲೂ ಸೇವೆಗೆ ಸಿದ್ಧನಿರಬೇಕೆಂದು ಅದರ ಅರ್ಥ. ಇವತ್ತಿಗೂ ಅದು ನನ್ನ ಬೀರುವಿನಲ್ಲಿದೆ, ಒಮ್ಮೆಯೂ ಎದೆಯ ಮೇಲೆ ಹಾಕಿಕೊಂಡಿಲ್ಲ.

1985ರಲ್ಲಿ ಲಿಖಿತ ಪರೀಕ್ಷೆ ಪಾಸಾಗಿ ಬೆಂಗಳೂರಿಗೆ ಸಂದರ್ಶನಕ್ಕೆ ಹೋದೆ. ಅಪ್ಪ ಸಾಲ ಮಾಡಿ ತಂದ ತಿಳಿನೀಲಿ ಸೀರೆ ಉಟ್ಟಿದ್ದೆ. ಮೂವರು ಕುಳಿತಿದ್ದರು. ಇಬ್ಬರು ಡೆಬಿಟ್ಟು ಕ್ರೆಡಿಟ್ಟು, ಬ್ಯಾಂಕ್ ರಾಷ್ಟ್ರೀಕರಣ ಎಂದು ಕೇಳಿದರು, ಚೆನ್ನಾಗಿಯೇ ಹೇಳಿದೆ. ಮೂರನೆಯವರು ವಯಸ್ಸಾದವರು, ನನ್ನ ಫೈಲಿನಲ್ಲಿದ್ದ ಶಿಬಿರದ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ಮುಖವರಳಿಸಿದರು. ಅವರ ಊರು ಅದೇ ಸೀಮೆಯಂತೆ. "ಅಲ್ಲಿ ಏನು ಕೆಲಸ ಮಾಡಿದಿರಮ್ಮ?" ಎಂದರು. ಇಂಗುಗುಂಡಿ ತೋಡಿದೆವು ಎಂದೆ. "ಎಷ್ಟು ಆಳ ತೋಡಿದಿರಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಬಾಯಿಗೆ ಬಂದಂತೆ ಎಂಟು ಅಡಿ ಎಂದುಬಿಟ್ಟೆ. "ನಾಲೆ ಬಯಲಿನ ಊರಿನಲ್ಲಿ ಎಂಟು ಅಡಿ ತೋಡಿದರೆ ನೀರೇ ಬರುತ್ತದಲ್ಲಮ್ಮ" ಎಂದರು. ಇನ್ನೂ ನನಗೆ ಅವಕಾಶ ಕೊಡಬೇಕೆಂದೇ ಅವರಿಗೆ ಮನಸ್ಸಿತ್ತು, ತಳಕ್ಕೆ ಏನು ಹಾಕಿದಿರಿ ಎಂದು ಕೇಳಿದರು. ಮರಳು ಎಂದೆ. ಮೇಲೆ ಮಡಕೆಯನ್ನು ಏಕೆ ಇಡುತ್ತಾರೆ ಎಂದು ಕೇಳಿದರು. ಮಡಕೆಯನ್ನು ಇಡುತ್ತಾರೆಂಬುದೇ ನನಗೆ ತಿಳಿದಿರಲಿಲ್ಲ. ಅವರು ಮತ್ತೇನೂ ಕೇಳಲಿಲ್ಲ. ಆ ಕಾಗದವನ್ನು ಮಗುಚಿ, ಬರಹ ಕೆಳಗೆ ಬರುವಂತೆ ಇಟ್ಟು, ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ಅಷ್ಟು ಹೊತ್ತು ನಾನು ನಿಜವಾಗಿ ಓದಿ ಹೇಳಿದ್ದ ಉತ್ತರಗಳ ಮೇಲೂ ಅವರಿಗೆ ನಂಬಿಕೆ ಹೋಯಿತೆಂದು ಉಳಿದಿಬ್ಬರ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು.

ಇಂಗುಗುಂಡಿ ಎಂದರೆ ಮೂರು ನಾಲ್ಕು ಅಡಿ ಉದ್ದ, ಅಗಲ, ಆಳದ ಗುಂಡಿ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಅದರ ಮೇಲೆ ಜಲ್ಲಿ ತುಂಬಬೇಕು. ಬಚ್ಚಲ ನೀರು ಬಂದು ಬೀಳುವ ಕಡೆ, ತಳಕ್ಕೆ ತೂತು ಮಾಡಿ ತೆಂಗಿನ ನಾರನ್ನೋ ಹುಲ್ಲನ್ನೋ ತುರುಕಿದ ಮಡಕೆ ಇಡಬೇಕು, ಕೊಳೆ ಅಲ್ಲಿ ನಿಂತು ನೀರು ಮಾತ್ರ ಕೆಳಗೆ ಇಂಗುತ್ತದೆ. ಇದನ್ನು ನಾನು ಆಮೇಲೆ ಕಲಿತೆ, ನನ್ನ ಗೆಳತಿಯಿಂದ ಕೇಳಿ. ಅವಳು ಹತ್ತು ದಿನವೂ ಅಲ್ಲೇ ಇದ್ದಳು, ಅಂಗೈ ಬೊಬ್ಬೆಯೆದ್ದಿತ್ತು. ಅಲ್ಲಿ ಒಬ್ಬ ಅಜ್ಜಿ, ಬಚ್ಚಲ ನೀರು ಗುಂಡಿಗೆ ಹೋದರೆ ತನ್ನ ಬಾಳೆಗಿಡಕ್ಕೆ ಏನು ಗತಿಯೆಂದು ಗುಂಡಿ ತೋಡಲು ಬಿಡದೆ ಅಡ್ಡ ಕುಳಿತಿದ್ದಳಂತೆ. ಇವರು ಎರಡು ದಿನ ಅವಳ ಮನೆಗೆ ಹೋಗಿ ಮಾತಾಡಿ, ಕೊನೆಗೆ ಗುಂಡಿಯನ್ನೇ ಬಾಳೆಯ ಬುಡದ ಸಮೀಪಕ್ಕೆ ಸರಿಸಿದರಂತೆ. ನನಗಿಂತ ಕಡಿಮೆ ಅಂಕವಿದ್ದ ಆ ಗೆಳತಿಯನ್ನು ಬೇರೊಂದು ಸಂದರ್ಶನದಲ್ಲಿ, ನೀವು ಒಳ್ಳೆಯದೆಂದು ಮಾಡುವ ಕೆಲಸವನ್ನು ಜನ ಒಪ್ಪದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ಅವಳು ಆ ಅಜ್ಜಿಯ ಕತೆಯನ್ನು ಹೇಳಿದಳು, ಕೆಲಸವೂ ಸಿಕ್ಕಿತು. ನಾನು 1986ರಲ್ಲಿ ಗುಮಾಸ್ತೆಯಾಗಿ ಸೇರಿ ಆಫೀಸರ್ ಆಗುವ ಹೊತ್ತಿಗೆ 1995 ಆಗಿತ್ತು.

ಅಣ್ಣ, ನೀನೂ ಈ ಗುಂಪಿನಲ್ಲಿದ್ದೀಯ, ಆದ್ದರಿಂದ ಇದನ್ನು ನಿನ್ನೆದುರೇ ಹೇಳುತ್ತೇನೆ. ಶಿಬಿರ, ಗಿಬಿರ ಎಂದು ಊರು ಸುತ್ತಿ ಕೆಲಸ ಕಳೆದುಕೊಂಡಳು ಎಂದು ನೀನು ನನ್ನ ಬಗ್ಗೆ ಪ್ರತಿ ಮದುವೆಮನೆಯಲ್ಲೂ, ಪ್ರತಿ ನಾಮಕರಣದಲ್ಲೂ ನಲವತ್ತು ವರ್ಷ ಹೇಳಿಕೊಂಡು ಬಂದಿದ್ದೀಯ. ನಾನು ಶಿಬಿರಕ್ಕೆ ಹೋಗಿ ಕೆಲಸ ಕಳೆದುಕೊಳ್ಳಲಿಲ್ಲ, ಹೋಗದೆ ಕಳೆದುಕೊಂಡೆ. ನಿಜ ಹೇಳಲು ನನಗೆ ನಾಚಿಕೆಯಾಗಿತ್ತು, ನೀನಾದರೂ ಒಂದು ಸಲ ಕರೆದು ನಡೆದದ್ದೇನು ಎಂದು ಕೇಳಲಿಲ್ಲ. ಅದರ ಫಲ ಉಂಡವಳು ತಂಗಿ. ಮಗಳೇ, ನಿನ್ನ ಅಮ್ಮನಿಗೂ ಕಾಲೇಜಿನಲ್ಲಿ ಎನ್‌ಎಸ್‌ಎಸ್‌ ಸೇರುವ ಆಸೆ ಬಹಳ ಇತ್ತು. ದೊಡ್ಡವಳ ಕತೆ ಗೊತ್ತಲ್ಲ, ಸುಮ್ಮನೆ ಓದಿಕೋ ಎಂದು ಅಪ್ಪ ಅರ್ಜಿಯನ್ನೇ ಹರಿದರು. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು, ನಾನು ಬಾಯಿ ಬಿಡಲಿಲ್ಲ. ನಾನು ಶಿಬಿರ ತಪ್ಪಿಸಿಕೊಂಡ ಮರುವರ್ಷ, 1984ರಲ್ಲಿ, ಅದೇ ಮೈಸೂರಿನಲ್ಲಿ, ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಸಂಗಡಿಗರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಾಗಿದ್ದಾಗಲೇ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಹೆಗ್ಗಡದೇವನಕೋಟೆಯ ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಶುರುವಾದ ಆ ಕೆಲಸ ಆಸ್ಪತ್ರೆಯಾಯಿತು, ಶಾಲೆಯಾಯಿತು, ಎಷ್ಟೋ ಜನರಿಗೆ ಅದೇ ಜೀವನದ ವೃತ್ತಿಯೂ ಆಯಿತು. ಎಲ್ಲರೂ ಹಾಗಾಗಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಸೇವೆ ಎಂದರೆ ಓದು ಕೆಡಿಸುವ ಚಟ ಎಂಬ ಮಾತು ನನ್ನೊಬ್ಬಳ ಸುಳ್ಳಿನಿಂದ ಬೇರು ಬಿಟ್ಟಿತಲ್ಲ, ಅದು ನನಗೆ ಈಗಲೂ ಸಂಕಟ. ಅಣ್ಣ, ಇನ್ನು ಮೇಲೆ ಆ ಮಾತು ಬೇಡ.

ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಮಾಡದ ಸೇವೆಗೆ ಕಾಗದ ತೆಗೆದುಕೊಳ್ಳಬೇಡಿ. ಆ ಸಂಸ್ಥೆಗೆ ಹಣ ಕಟ್ಟಿದರೆ ಪುಟ್ಟಿಯ ರೆಸ್ಯೂಮೆಯಲ್ಲಿ ಒಂದು ಸಾಲು ಹೆಚ್ಚಾಗಬಹುದು, ಆದರೆ ಸಂದರ್ಶನದಲ್ಲಿ ಯಾರಾದರೂ ಆ ಸಾಲಿನ ಮೇಲೆಯೇ ಬೆರಳಿಟ್ಟರೆ, ಅವಳು ನಿಜವಾಗಿ ಮಾಡಿದ ಭಾನುವಾರದ ಪಾಠವೂ ಅದರ ಜೊತೆಯಲ್ಲೇ ಮುಳುಗಿಹೋಗುತ್ತದೆ.

ನೀನು ಕೇಳಿದ್ದು ಭಾನುವಾರದ ಪಾಠ ಬಿಡಿಸಬೇಕೇ ಎಂದಲ್ಲವೇ, ಅದನ್ನು ಹೇಳುವುದನ್ನೇ ಮರೆತಿದ್ದೆ. ಬಿಡಿಸಬೇಡ. ಆದರೆ ಸೇವೆ ಮಾಡಿದರೆ ಕಂಪನಿಯವರು ಕರೆದು ಕೆಲಸ ಕೊಡುತ್ತಾರೆಂದೂ ತಿಳಿಯಬೇಡ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಮೊದಲು ಜರಡಿ ಹಿಡಿಯುವುದು ಅಂಕದಲ್ಲಿ, ಬಾಕಿ ಉಳಿದ ವಿಷಯಗಳಿವೆಯೇ ಎಂಬುದರಲ್ಲಿ, ಆಮೇಲೆ ಆಪ್ಟಿಟ್ಯೂಡ್ ಮತ್ತು ಕೋಡಿಂಗ್ ಪರೀಕ್ಷೆಯಲ್ಲಿ. ಅಲ್ಲಿ ಯಾರೂ ಸೇವೆಯನ್ನು ಕೇಳುವುದಿಲ್ಲ. ಅದು ಉಪಯೋಗಕ್ಕೆ ಬರುವುದು ಆ ಜರಡಿ ದಾಟಿ ಎದುರು ಕುಳಿತು ಮಾತಾಡುವಾಗ. ಆದ್ದರಿಂದ 7.6 ಇನ್ನು ಕೆಳಗೆ ಇಳಿಯಬಾರದು, ಒಂದು ವಿಷಯವೂ ಬ್ಯಾಕ್ ಉಳಿಯಬಾರದು. ಇಂಟರ್ನಲ್ಸ್ ಇರುವ ವಾರ ಅವಳು ಶಾಲೆಗೆ ಹೋಗದಿದ್ದರೆ ಆ ಮಕ್ಕಳ ಹೆಡ್‌ಮಾಸ್ಟರಿಗೆ ಮುಂಚೆಯೇ ತಿಳಿಸಿದರೆ ಸಾಕು. ಅಂಕ ಇಳಿದದ್ದು ಭಾನುವಾರದ ಮೂರು ಗಂಟೆಯಿಂದಲೋ, ರಾತ್ರಿ ಎರಡರವರೆಗೆ ಮೊಬೈಲ್ ನೋಡುವುದರಿಂದಲೋ ಎಂಬುದನ್ನೂ ಅವಳ ಪಕ್ಕದಲ್ಲಿ ಕುಳಿತು ಕೇಳು, ಗದರಿಸದೆ ಕೇಳು.

ಅವಳ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಕೇಳುವುದು ನಾಲ್ಕು ವರ್ಷದಲ್ಲಿ 100 ಪಾಯಿಂಟು, ಅಂದರೆ 320 ಗಂಟೆ. ಅದು ಸಿಜಿಪಿಎಗೆ ಸೇರುವುದಿಲ್ಲ, ಆದರೆ ಅದು ಪೂರ್ತಿಯಾಗದಿದ್ದರೆ ಎಂಟನೇ ಸೆಮಿಸ್ಟರ್‌ನ ಅಂಕಪಟ್ಟಿ ಕೈಗೆ ಬರುವುದಿಲ್ಲ. ಭಾನುವಾರಕ್ಕೆ ಮೂರು ಗಂಟೆಯಂತೆ ವರ್ಷಕ್ಕೆ 40 ಭಾನುವಾರ ಹಿಡಿದರೂ 120 ಗಂಟೆಯಾಗುತ್ತದೆ. ಎನ್‌ಎಸ್‌ಎಸ್‌ನವರೂ ವರ್ಷಕ್ಕೆ ಕೇಳುವುದು ಅಷ್ಟೇ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ ಒಂದು ಶಿಬಿರ. ಮಗು ಎರಡನೇ ವರ್ಷದಿಂದಲೇ ಹೋಗುತ್ತಿರುವುದರಿಂದ ಮೂರನೇ ಒಂದು ಪಾಲಿಗಿಂತ ಹೆಚ್ಚು ಆಗಲೇ ಸಂಪಾದಿಸಿರಬೇಕು, ನೀವು ಹಣ ಕೊಟ್ಟು ಕೊಳ್ಳಲು ಹೊರಟಿರುವುದು ಅವಳ ಕೈಯಲ್ಲೇ ಇದೆ. ಆದರೆ ಅದು ಬರಹದಲ್ಲಿ ಇದೆಯೇ? ಒಂದೇ ಕೆಲಸಕ್ಕೆ ಎಷ್ಟು ಪಾಯಿಂಟಿನವರೆಗೆ ಕೊಡುತ್ತಾರೆ, ಬೇರೆ ಚಟುವಟಿಕೆಯೂ ಬೇಕೇ ಎಂಬುದನ್ನು ಈ ವಾರವೇ ಅವಳ ಮೆಂಟರ್ ಹತ್ತಿರ ಕೇಳಿಸು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಯಾವ ತರಗತಿ, ಏನು ಹೇಳಿಕೊಟ್ಟಳು, ಯಾವುದು ಮಕ್ಕಳ ತಲೆಗೆ ಹತ್ತಲಿಲ್ಲ ಎಂಬುದನ್ನು ಅದೇ ದಿನ ಸಂಜೆ ಬರೆಯಲಿ, ತಿಂಗಳಿಗೊಮ್ಮೆ ಹೆಡ್‌ಮಾಸ್ಟರ್ ಸಹಿ ಮಾಡಿಸಲಿ. ಶಿಬಿರದ ಏಳು ದಿನಗಳಲ್ಲಿ ತರಗತಿಗಳಿದ್ದರೆ ಹಾಜರಾತಿ ಕೊಡುತ್ತಾರೆಂಬ ಪತ್ರವನ್ನು ಹೊರಡುವ ಮೊದಲೇ ಪಡೆಯಬೇಕು, ಹಾಜರಾತಿ ಶೇಕಡಾ 85ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೇ ತೊಂದರೆ.

ರೆಸ್ಯೂಮೆಯಲ್ಲಿ ಸಮಾಜಸೇವೆಯಲ್ಲಿ ಆಸಕ್ತಿ ಎಂದು ಬರೆಯುವುದು ಬೇಡ, ಎಲ್ಲರೂ ಹಾಗೆಯೇ ಬರೆಯುತ್ತಾರೆ. ಗೌರಿಹಬ್ಬದಲ್ಲಿ ಬಾಗಿನ ಕೊಡಲು ಬಂದಾಗ ಅವಳು ನನಗೆ ಏನು ಹೇಳಿದಳು ಗೊತ್ತೇ? ಆರನೇ ತರಗತಿಯ ಮಕ್ಕಳಿಗೆ ದಶಕ ಕಡ ತೆಗೆದುಕೊಂಡು ಕಳೆಯುವುದು ಬರುತ್ತಿರಲಿಲ್ಲವಂತೆ. ಮೂರು ವಾರ ಬೋರ್ಡಿನ ಮೇಲೆ ಬರೆದು ಸೋತು, ಕೊನೆಗೆ ಹುಣಸೆಬೀಜವನ್ನು ಹತ್ತು ಹತ್ತಾಗಿ ಸಣ್ಣ ಪೊಟ್ಟಣ ಕಟ್ಟಿಕೊಂಡು ಹೋದಳಂತೆ, ಮಕ್ಕಳೇ ಪೊಟ್ಟಣ ಬಿಚ್ಚಿ ಬಿಡಿ ಮಾಡಿ ಕಳೆದವಂತೆ. ಅದನ್ನು ಹೇಳುವಾಗ ಅವಳ ಕೈಗಳು ಗಾಳಿಯಲ್ಲಿ ಪೊಟ್ಟಣ ಬಿಚ್ಚುತ್ತಿದ್ದವು. ಒಂದು ದಾರಿ ಕೈಕೊಟ್ಟಾಗ ಏನು ಮಾಡಿದಿರಿ ಎಂದು ಯಾರು ಕೇಳಿದರೂ ಅವಳು ಇದನ್ನೇ ಹೇಳಲಿ, ಎಷ್ಟು ಮಕ್ಕಳಿದ್ದರು, ಎಷ್ಟು ವಾರ ಹಿಡಿಯಿತು ಎಂಬ ಲೆಕ್ಕದ ಸಮೇತ. ಇನ್ನೆಷ್ಟು ಆಳಕ್ಕೆ ಕೆದಕಿ ಕೇಳಿದರೂ ಅವಳ ಹತ್ತಿರ ಉತ್ತರವಿದೆ.

ಇವತ್ತು ಸಂಜೆಯೊಳಗೆ ಹಳೆಯ ಭಾನುವಾರಗಳನ್ನೆಲ್ಲ ನೆನಪು ಮಾಡಿಕೊಂಡು ಆ ನೋಟ್‌ಬುಕ್ಕು ಶುರು ಮಾಡಲಿ, ನೆನಪಿಲ್ಲದ ದಿನವನ್ನು ಬರೆಯದೆ ಬಿಡಲಿ. ಮೊದಲ ಪುಟದ ಫೋಟೊವನ್ನು ಗುಂಪಿಗೆ ಬೇಡ, ನನಗೆ ಮತ್ತು ನಿನ್ನ ಅಮ್ಮನಿಗೆ ಕಳಿಸು. ಅಳಿಯಂದಿರಿಗೆ ನಾನೇ ಮಧ್ಯಾಹ್ನ ಊಟವಾದ ಮೇಲೆ ಫೋನ್ ಮಾಡುತ್ತೇನೆ, ಆ ಸಂಸ್ಥೆಯವರಿಗೆ ಮುಂಗಡ ಏನಾದರೂ ಕೊಟ್ಟಿದ್ದರೆ ಅದು ಹೋದರೆ ಹೋಗಲಿ ಎಂದು ಹೇಳಬೇಕು.