ಆಸ್ಪತ್ರೆಯಿಂದ ಬಂದ ಮೇಲೆ ಮನೆಯೋ, ಪುನರ್ವಸತಿ ಕೇಂದ್ರವೋ?

ಪ್ರಶ್ನೆ: ಅಮ್ಮನಿಗೆ 74 ವರ್ಷ. ನ್ಯುಮೋನಿಯಾ ಆಗಿ 15 ದಿನ ಆಸ್ಪತ್ರೆಯಲ್ಲಿದ್ದಾರೆ. ಕಾಯಿಲೆ ವಾಸಿಯಾಗಿದೆ, ಆದರೆ ಎದ್ದು ನಿಲ್ಲಲು ಕಾಲಿನಲ್ಲಿ ಬಲವಿಲ್ಲ. ಮುಂದಿನ ವಾರ ಡಿಸ್ಚಾರ್ಜ್. ಒಂದು ತಿಂಗಳ ಮಟ್ಟಿಗೆ ಕೇಂದ್ರಕ್ಕೆ ಸೇರಿಸಬೇಕಾ, ಮನೆಗೇ ಫಿಸಿಯೋ ಕರೆಸಬೇಕಾ? ಅನುಭವ ಇದ್ದವರು ಹೇಳಿ.

ಉತ್ತರ 1: ನಮ್ಮ ಅಪ್ಪನದೂ ಇದೇ ಕತೆ. ನಾವು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಹಗಲು ರಾತ್ರಿ ಇರುವ ಹೋಮ್ ನರ್ಸ್ ಇಟ್ಟೆವು. ತುಂಬಾ ಒಳ್ಳೆಯವರು. ತುತ್ತು ಬಾಯಿಗಿಡುತ್ತಿದ್ದರು, ಅಂಗಿ ತೊಡಿಸುತ್ತಿದ್ದರು, ಮಂಚದ ಪಕ್ಕಕ್ಕೇ ಕಮೋಡ್ ಕುರ್ಚಿ ತಂದಿಡುತ್ತಿದ್ದರು. ಮೂರು ವಾರ ಕಳೆದರೂ ಅಪ್ಪ ಅಂಗಿಯ ಗುಂಡಿ ಕೂಡ ತಾವಾಗಿ ಹಾಕಿಕೊಂಡಿರಲಿಲ್ಲ! ಆಮೇಲೆ ಬಂದ ಫಿಸಿಯೋ, "ಎಲ್ಲ ನೀವೇ ಮಾಡಿದರೆ ಇವರಿಗೆ ಏನು ಉಳಿಯಿತು?" ಎಂದರು. ವಯಸ್ಸಾದವರು 10 ದಿನ ಮಲಗಿದರೆ ಸಾಕು, ಕಾಲಿನ ಮಾಂಸಖಂಡ ಕರಗುತ್ತದೆ. ಅದು ಬರೀ ಮಾತ್ರೆಯಿಂದ ವಾಪಸ್ ಬರಲ್ಲ, ಎದ್ದು ಓಡಾಡಿದರೇ ಬರಬೇಕು.

ಅಲ್ಲಿಂದ ಒಂದೇ ಗುರಿ ಇಟ್ಟುಕೊಂಡೆವು: ಬಾತ್‌ರೂಮಿಗೆ ತಾವೇ ಹೋಗಿ ಬರಬೇಕು. ಏಳುವಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ತಲೆ ಸುತ್ತದಿದ್ದರೆ ನಿಲ್ಲುವುದು. ಕುರ್ಚಿಯಿಂದ ಎದ್ದು ಕೂರುವುದು ಮೊದಲು 5 ಸಲ, ಆಮೇಲೆ 10. ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆವು. ಕಮೋಡ್ ಪಕ್ಕ ಗೋಡೆಗೆ ಹಿಡಿ ಹಾಕಿಸಿದೆವು, ಜಾರುವ ಕಾಲೊರಸು ತೆಗೆದೆವು. ನರ್ಸ್ ಪಕ್ಕದಲ್ಲೇ ನಿಂತಿರುತ್ತಿದ್ದರು, ಕೈ ಹಾಕುತ್ತಿರಲಿಲ್ಲ. ಒಂದು ಅಂಗಿಗೆ ಕಾಲು ಗಂಟೆ! ಸುಮ್ನೆ ನೋಡುತ್ತಾ ಕೂರುವುದೇ ಕಷ್ಟ. ಆದರೆ ಅದಾಗಿ ಐದನೇ ವಾರಕ್ಕೆ ನರ್ಸ್ ಬೇಕಾಗಲಿಲ್ಲ.

ಉತ್ತರ 2: ಎಲ್ಲರಿಗೂ ಮನೆಯೇ ಸರಿ ಅನ್ನಲಾರೆ. ನನ್ನ ಹೆಂಡತಿಗೆ ಸ್ಟ್ರೋಕ್ ಆದಾಗ ಕೇಂದ್ರಕ್ಕೇ ಸೇರಿಸಿದ್ದೆ. ಸ್ಟ್ರೋಕ್‌ನಲ್ಲಿ ಮೊದಲ 3 ತಿಂಗಳಲ್ಲೇ ಚೇತರಿಕೆ ಜಾಸ್ತಿ. ನಡಿಗೆ, ಮಾತು, ನುಂಗುವುದು, ಕೈಬೆರಳಿನ ಕೆಲಸ ಅಂತ ಬೇರೆ ಬೇರೆ ಥೆರಪಿಸ್ಟ್ ಬೇಕು. ಅಷ್ಟು ಜನರನ್ನು ದಿನಾ ಮನೆಗೆ ಕರೆಸುವುದು ಆಗದ ಮಾತು. ಸೇರಿಸುವ ಮುಂಚೆ ಕೇಳಿ: ದಿನಕ್ಕೆ ಎಷ್ಟು ಹೊತ್ತು ಥೆರಪಿ? ಮನೆಯವರಿಗೂ ಕಲಿಸುತ್ತಾರಾ? ಯಾವ ಹಂತ ಮುಟ್ಟಿದರೆ ಮನೆಗೆ ಕಳಿಸುತ್ತಾರೆ? ನಾನು ಮೊದಲು ನೋಡಿದ ಕಡೆ ರೂಮು, ಟಿವಿ ಎಲ್ಲ ತೋರಿಸಿದರು, ಥೆರಪಿ ಎಷ್ಟು ಹೊತ್ತು ಅಂದರೆ ಉತ್ತರವೇ ಇಲ್ಲ. ನಿಮ್ಮ ಅಮ್ಮನಿಗೆ ಬರೀ ನಿಶ್ಶಕ್ತಿ, ಮನೆಯಲ್ಲಿ ಜನ ಇದ್ದೀರಿ ಅಂತಾದರೆ ನನ್ನ ಓಟೂ ಮನೆಗೇ. ಡಾಕ್ಟರನ್ನು ಒಂದು ಮಾತು ಕೇಳಿಕೊಳ್ಳಿ.

ಉತ್ತರ 3: ಮಾತ್ರೆ ಚೀಟಿ ಮರೆಯಬೇಡಿ. ನಮ್ಮ ಅತ್ತೆಗೆ ಡಿಸ್ಚಾರ್ಜ್‌ನಲ್ಲಿ ಕೊಟ್ಟ ಬಿಪಿ ಮಾತ್ರೆ, ಮನೆಯಲ್ಲಿದ್ದ ಹಳೆಯದು ಎರಡೂ ಒಂದೇ, ಕಂಪನಿ ಹೆಸರು ಮಾತ್ರ ಬೇರೆ. ಎರಡನ್ನೂ ಕೊಟ್ಟಿದ್ದೆವು! ತಲೆ ಸುತ್ತಿ ಬಿದ್ದಾಗಲೇ ಗೊತ್ತಾಗಿದ್ದು. ಹಳೆಯದು, ಹೊಸದು ಎಲ್ಲ ಒಂದು ಚೀಲಕ್ಕೆ ತುಂಬಿ ಡಾಕ್ಟರಿಗೆ ತೋರಿಸಿ.

ಉತ್ತರ 4: ಮುಂದೆ ಕೋಲು ಹಿಡಿಯುವುದಾದರೆ, ಸೋತ ಕಾಲಿನ ಕಡೆ ಅಲ್ಲ, ಇನ್ನೊಂದು ಕೈಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ನಮ್ಮ ಮಾವ ಇದನ್ನು ಉಲ್ಟಾ ಕಲಿತು ಒಂದು ವಾರ ಒದ್ದಾಡಿದರು.