ಜೆಟ್ಟಿಂಗ್ ನಾಜಲ್: ಸವೆದಾಗಲೆಲ್ಲ ಹೊಸದು ಕೊಳ್ಳಬೇಕೆ?

ಪ್ರಶ್ನೆ (ಗಂಗಾವತಿ): ಅಣ್ಣನವರೇ, ನಮ್ಮದು ಒಂದೇ ಜೆಟ್ಟಿಂಗ್ ಗಾಡಿ, ಅಂದರೆ ಜೋರು ನೀರಿನ ಧಾರೆಯಿಂದ ಒಳಚರಂಡಿ ಪೈಪಿನ ಹೂಳು ತೆಗೆಯುವ ಗಾಡಿ. ಅಕ್ಕಿ ಗಿರಣಿಗಳ ಸುತ್ತಮುತ್ತ ಕೆಲಸ ಹೆಚ್ಚು. ಹೋಸ್ ತುದಿಯ ನಾಜಲ್ ಬೇಗ ಸವೆಯುತ್ತದೆ, ಪ್ರತಿ ಸಲ ಇಡಿಯಾಗಿ ಎಸೆದು ಹೊಸದು ತರುತ್ತೇನೆ. ತೂತಿನ ಭಾಗವನ್ನಷ್ಟೇ ಬಿಚ್ಚಿ ಬದಲಿಸುವ, ಇನ್ಸರ್ಟ್ ಇರುವ ನಾಜಲ್ ತೆಗೆದುಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಬೆಲೆ ಮೂರು ಪಟ್ಟು. ಉಳಿತಾಯ ಆಗುತ್ತದೆಯೇ?

ಉತ್ತರ (ಬಳ್ಳಾರಿ, ಪಂಪ್ ರಿಪೇರಿ): ಆಗುತ್ತದೆ ತಮ್ಮಾ. ಆದರೆ ಲೆಕ್ಕವನ್ನು ನಾಜಲ್ ಬೆಲೆಯಲ್ಲಿ ಹಾಕಬೇಡ, ಡೀಸೆಲ್‌ನಲ್ಲಿ ಹಾಕು. ಎಂಜಿನ್ ವೇಗ ಬದಲಾಗದಿದ್ದರೆ ಪಂಪು ತಳ್ಳುವ ನೀರೂ ಅಷ್ಟೇ. 2 ಮಿ.ಮೀ. ತೂತುಗಳೆಲ್ಲ ಸವೆದು 2.2 ಆದರೆ ಕಣ್ಣಿಗೆ ಕಾಣುವುದೇ ಇಲ್ಲ. ನಾಜಲ್ ಬಾಯಲ್ಲಿ 150 ಬಾರ್ ಇದ್ದ ಒತ್ತಡ ಮಾತ್ರ ಸುಮಾರು 100ಕ್ಕೆ ಇಳಿದಿರುತ್ತದೆ. ನಾಜಲನ್ನು ಮುಂದಕ್ಕೆ ನೂಕುವುದೂ ಹೂಳನ್ನು ಹಿಂದಕ್ಕೆ ತರುವುದೂ ಹಿಂಬದಿಯ ಧಾರೆಗಳೇ. ಅವು ಸೊರಗಿದರೆ ಚಾಲಕ ಆಕ್ಸಿಲರೇಟರ್ ಏರಿಸುತ್ತಾನೆ, ಅರ್ಧ ಗಂಟೆಯ ಕೆಲಸ ಒಂದೂವರೆ ಗಂಟೆ ಎಳೆಯುತ್ತದೆ. ನಾಜಲ್ ಪೈಪಿನೊಳಗೆ ನಿಂತುಬಿಟ್ಟರೆ “ಯಾರಾದರೂ ಇಳಿದು ನೋಡಿ” ಎಂಬ ಮಾತು ಹೊರಡುವುದೂ ಆಗಲೇ. ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿಗೆ ಆಳು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಅಪರಾಧದ ಮಾತು ಬಿಡು, ಆ ಗುಂಡಿಯ ಗಾಳಿ ಒಂದೆರಡು ಉಸಿರಿಗೇ ಮನುಷ್ಯನನ್ನು ಕೆಡವುತ್ತದೆ. ಯಾರನ್ನೂ ಇಳಿಸಬೇಡ.

ನಿಮ್ಮ ಕಡೆ ಸವೆತ ಹೆಚ್ಚಲು ಕಾರಣವಿದೆ. ಗಿರಣಿಯ ಬಾಯ್ಲರಿನಲ್ಲಿ ಉರಿದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿ. ಅದು ಬೆರೆತ ನೀರನ್ನು ಟ್ಯಾಂಕಿಗೆ ತುಂಬಿದರೆ ತೂತಿಗೆ ಅರ ಹಿಡಿದು ಉಜ್ಜಿದಂತೆಯೇ.

ಪ್ರಶ್ನೆ: ಸವೆದದ್ದು ಗೊತ್ತಾಗುವುದು ಹೇಗೆ? ಹಳೆಯ ನಾಜಲಿಗೆ ಲೇತ್‌ನಲ್ಲಿ ಹೊಸ ತೂತು ಕೊರೆಸಿದರೆ ಆಗದೇ?

ಉತ್ತರ: ಕೊರೆಸಬೇಡ. ಕೋನ ಕೂದಲೆಳೆಯಷ್ಟು ತಪ್ಪಿದರೂ ನಾಜಲ್ ಪೈಪಿನ ಗೋಡೆಗೆ ಬಡಿಯುತ್ತಾ ಹೋಗುತ್ತದೆ. ಸವೆತ ನೋಡಲು 2.1 ಮಿ.ಮೀ. ಡ್ರಿಲ್ ಬಿಟ್ ಒಂದನ್ನು ಗಾಡಿಯಲ್ಲೇ ಇಟ್ಟುಕೋ. ಅದರ ನುಣುಪಾದ ಹಿಂಬದಿ 2 ಮಿ.ಮೀ. ತೂತಿನೊಳಗೆ ಸಲೀಸಾಗಿ ನುಸುಳಿದರೆ ಇನ್ಸರ್ಟ್ ಬದಲಿಸುವ ಹೊತ್ತು ಬಂತು. ಒಂದೆರಡನ್ನಲ್ಲ, ಎಲ್ಲವನ್ನೂ ಒಟ್ಟಿಗೆ ಬದಲಿಸು; ಇಲ್ಲದಿದ್ದರೆ ಎಳೆತ ಒಂದೇ ಕಡೆಗೆ ವಾಲುತ್ತದೆ. ಸೆರಾಮಿಕ್ ಇನ್ಸರ್ಟ್ ಉಕ್ಕಿನದಕ್ಕಿಂತ ಬಹಳ ದಿನ ಬಾಳುತ್ತದೆ, ಆದರೆ ಸುತ್ತಿಗೆ ತಾಗಿದರೆ ಸೀಳುತ್ತದೆ. ಹಾಕುವಾಗ ಮರೆಗೆ (ತಿರುಪಿನ ಸುತ್ತುಗಳಿಗೆ) ತುಸು ಗ್ರೀಸ್ ಹಚ್ಚು. ಇಲ್ಲವಾದರೆ ತುಕ್ಕು ಕಚ್ಚಿ, ಬಿಚ್ಚಲು ಹೋದಾಗ ಮರೆಯೇ ಕಿತ್ತು ಬರುತ್ತದೆ. ಮೂರು ಪಟ್ಟು ಕೊಟ್ಟ ನಾಜಲ್ ಆಗ ಗುಜರಿಗೇ.

ಪ್ರಶ್ನೆ (ರಾಯಚೂರು): ಹೋಸ್ ಕೂಡ ಹೀಗೆಯೇ ಸವೆಯುತ್ತದೆಯೇ ಸರ್?

ಉತ್ತರ: ನಾಜಲ್ ಹಿಂದಿನ ಮೊದಲ ಒಂದೆರಡು ಮೀಟರ್ ಬೇಗ ಹಾಳಾಗುತ್ತದೆ. ಅಲ್ಲಿಗೆ ಬೇರೆ ತುಂಡು ಹೋಸ್ ಜೋಡಿಸಿ, ಸವೆದಾಗ ಅದನ್ನು ಮಾತ್ರ ತೆಗೆಯಿರಿ. ಉದ್ದನೆಯ ಹೋಸ್ ಉಳಿಯುತ್ತದೆ. ಪಂಪಿನ ಹೀರುಬದಿಯ ಜಾಲರಿಯನ್ನು ದಿನಾ ಸಂಜೆ ಬಿಚ್ಚಿ ತೊಳೆಯಿರಿ. ಅದು ಕಟ್ಟಿಕೊಂಡರೆ ಪಂಪು ನೀರಿಲ್ಲದೆ ಗಡಗಡ ಸದ್ದು ಮಾಡುತ್ತದೆ; ವಾಲ್ವು, ಸೀಲುಗಳಿಗೆ ಪೆಟ್ಟು ಬೀಳುವುದು ಅಲ್ಲಿಯೇ.